ಕೊನೆಗೆ ಎಲ್ಲವನ್ನೂ ಕಿತ್ತುಕೊಂಡು ಹೊರಡಬೇಕು: ‘ಟೆರ್ರಾ ನಿಲ್’ ಆಟದ ಒಳಲೆಕ್ಕ

ಮೊದಲ ಸಲ ಆಡಿದಾಗ ಹತ್ತೇ ನಿಮಿಷಕ್ಕೆ ದಿವಾಳಿ ಎದ್ದೆ.

ಪರದೆಯ ಮೇಲೆ ಬೂದು ಬಣ್ಣದ ಒಂದು ಕಣಿವೆ. ಹುಲ್ಲಿಲ್ಲ, ಮರವಿಲ್ಲ, ನೀರಿಲ್ಲ. ಹಿಂದೆ ನದಿ ಹರಿದಿದ್ದ ಗುರುತಾಗಿ ಒಂದು ಒಣ ಹಳ್ಳ ಮಾತ್ರ ಇತ್ತು. ನಾನು ಹುಮ್ಮಸ್ಸಿನಲ್ಲಿ ಸಿಕ್ಕ ಬಂಡೆಗಳ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿದೆ. ಪಕ್ಕದಲ್ಲೇ ಮಣ್ಣಿನ ವಿಷ ತೆಗೆಯುವ ಯಂತ್ರಗಳನ್ನು ಇಟ್ಟೆ. ಅದಕ್ಕೆ ಅಂಟಿಕೊಂಡಂತೆ ಸ್ಪ್ರಿಂಕ್ಲರ್ ತರದ ಯಂತ್ರಗಳು. ಹಸಿರೇನೋ ಬಂತು, ಅಂಗೈ ಅಗಲ. ಅಷ್ಟರಲ್ಲಿ ಕೈಯಲ್ಲಿದ್ದ ಎಲೆಗಳು ಖಾಲಿ. ಈ ಆಟದಲ್ಲಿ ದುಡ್ಡಿಲ್ಲ, ದುಡ್ಡಿನ ಜಾಗದಲ್ಲಿ ಎಲೆ. ಎಲೆ ಮುಗಿದರೆ ಆಟವೂ ಮುಗಿದ ಹಾಗೆ.

ಪಕ್ಕದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅಮ್ಮ ಕತ್ತೆತ್ತಿ ನೋಡಿದರು. “ಒಂದೇ ಪಾತಿಗೆ ಎಷ್ಟು ಸಲ ನೀರು ಹಾಕ್ತೀಯೋ?” ಅಂದರು.

ಅವರು ಜೀವನದಲ್ಲಿ ಒಂದು ಕಂಪ್ಯೂಟರ್ ಗೇಮ್ ಆಡಿದವರಲ್ಲ. ಆದರೆ ನಾನು ಎಲ್ಲಿ ಎಡವಿದೆ ಅಂತ ಅವರಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಟೆರ್ರಾ ನಿಲ್ ಅರ್ಥವಾಗಲು ಆ ಪ್ರಶ್ನೆಯೇ ಒಳ್ಳೆಯ ಆರಂಭ.

ಇದು ಸಾಯುತ್ತಿರುವ ಒಂದು ಗ್ರಹದಲ್ಲಿ ತೋಟಗಾರಿಕೆ ಮಾಡುವ ಸ್ಟ್ರಾಟಜಿ ಗೇಮ್. ಮಾಡಿದವರು ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನ ಫ್ರೀ ಲೈವ್ಸ್ ಎಂಬ ಇಂಡೀ ಸ್ಟುಡಿಯೋದವರು. ಇಂಡೀ ಅಂದರೆ ದೊಡ್ಡ ಕಂಪನಿಗಳ ನೂರಾರು ಜನರ ಸೈನ್ಯ ಇಲ್ಲದೆ, ಸಣ್ಣ ತಂಡ ತನಗೆ ತೋಚಿದಂತೆ ಮಾಡುವ ಆಟ. ಡೆವಾಲ್ವರ್ ಡಿಜಿಟಲ್ ಇದರ ಪ್ರಕಾಶಕರು. 2023ರ ಮಾರ್ಚ್ 28ರಂದು ಕಂಪ್ಯೂಟರಿಗೆ ಬಂತು. ಅದೇ ದಿನ ನೆಟ್‌ಫ್ಲಿಕ್ಸ್ ಮೂಲಕ ಮೊಬೈಲಿಗೂ ಬಂತು.

ಈ ಸ್ಟುಡಿಯೋದ ಪೂರ್ವಾಶ್ರಮ ಕೇಳಿದರೆ ನಗು ಬರುತ್ತದೆ. ಅವರಿಗೆ ಹೆಸರು ತಂದದ್ದು 2015ರ ಬ್ರೋಫೋರ್ಸ್. ಹಳೆಯ ಆಕ್ಷನ್ ಸಿನಿಮಾ ಹೀರೋಗಳ ಅಣಕದಂತಿರುವ ಉಕ್ಕಿನ ಮೈಯವರು ಕಂಡದ್ದನ್ನೆಲ್ಲ ಗುಂಡಿಟ್ಟು ಪುಡಿಮಾಡುವ ಆಟ ಅದು. ಕಾಲ ಕೆಳಗಿನ ನೆಲವನ್ನೂ ಬಿಡುವುದಿಲ್ಲ. ನೆಲ ಒಡೆಯುವ ಆಟ ಮಾಡಿದವರೇ ನೆಲ ಕೂಡಿಸುವ ಆಟಕ್ಕೆ ಕೈ ಹಾಕಿದರು.

ಆರಂಭವಾದದ್ದು 2019ರ ಅಕ್ಟೋಬರಿನಲ್ಲಿ. ಲೂಡಮ್ ಡೇರ್ ಅಂತ ಒಂದು ಗೇಮ್ ಜ್ಯಾಮ್ ಇದೆ. ಒಂದು ವಿಷಯ ಕೊಡುತ್ತಾರೆ. ತಂಡವಾಗಿ ಸೇರಿದವರು 72 ಗಂಟೆಯೊಳಗೆ ಒಂದು ಆಟ ಮಾಡಿ ಮುಂದಿಡಬೇಕು. 45ನೇ ಲೂಡಮ್ ಡೇರ್‌ನ ವಿಷಯ ‘ಏನೂ ಇಲ್ಲದೆ ಶುರು ಮಾಡಿ’. ಸ್ಯಾಮ್ ಆಲ್ಫ್ರೆಡ್ ಮತ್ತು ಜೊತೆಗಾರರು ಅದನ್ನು ಅಕ್ಷರಶಃ ತೆಗೆದುಕೊಂಡರು. ಏನೂ ಇಲ್ಲದ ನೆಲ, ಅಲ್ಲಿಂದ ಶುರು. ಹೆಸರಿನ ಅರ್ಥವೂ ಅದೇ. ಟೆರ್ರಾ ಅಂದರೆ ಭೂಮಿ, ನಿಲ್ ಅಂದರೆ ಸೊನ್ನೆ.

ಉಲ್ಟಾ ನಗರ

ನಗರ ಕಟ್ಟುವ ಆಟಗಳು ಎಷ್ಟೋ ಬಂದಿವೆ. 1989ರ ಸಿಮ್‌ಸಿಟಿ ಹಾಕಿದ ದಾರಿ ಅದು. ಅಲ್ಲಿ ಖಾಲಿ ಹಸಿರು ಬಯಲು ಕೊಡುತ್ತಾರೆ. ನೀವು ರಸ್ತೆ ಎಳೆಯುತ್ತೀರಿ, ಮನೆಗಳಿಗೆ ಜಾಗ ಬಿಡುತ್ತೀರಿ, ತೆರಿಗೆ ಎತ್ತುತ್ತೀರಿ, ಆ ದುಡ್ಡಲ್ಲಿ ಮತ್ತಷ್ಟು ರಸ್ತೆ. ಊರು ಬೆಳೆದಷ್ಟೂ ಗೆದ್ದಂತೆ. ಆ ಬಯಲಿನಲ್ಲಿ ಮೊದಲು ಏನಿತ್ತು ಅಂತ ಆಟ ಕೇಳುವುದಿಲ್ಲ. ಆಡುವವರೂ ಕೇಳುವುದಿಲ್ಲ. ಹಸಿರು ಅಂದರೆ ಇನ್ನೂ ಸೈಟ್ ಆಗದ ಜಾಗ, ಅಷ್ಟೇ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಟೆರ್ರಾ ನಿಲ್ ಇದನ್ನೇ ಉಲ್ಟಾ ಮಾಡಿತು. ಇಲ್ಲಿ ಶುರುವಿಗೆ ಕೈಗೆ ಸಿಗುವುದು ಹಾಳಾದ ನೆಲ. ಕೊನೆಗೆ ಉಳಿಯಬೇಕಾದದ್ದು ಕಾಡು, ಹುಲ್ಲುಗಾವಲು, ನದಿ. ನಡುವೆ ನೀವು ಹತ್ತಾರು ಯಂತ್ರ ಕಟ್ಟುತ್ತೀರಿ. ಆದರೆ ಕೊನೆಯಲ್ಲಿ ಒಂದೇ ಒಂದು ಯಂತ್ರವೂ ಅಲ್ಲಿ ಉಳಿಯಬಾರದು. ಎಲ್ಲ ಬಿಚ್ಚಿ, ಗಂಟು ಕಟ್ಟಿ, ವಿಮಾನನೌಕೆಗೆ ತುಂಬಿಕೊಂಡು ಹೊರಡಬೇಕು.

ಈ ಒಂದು ನಿಯಮ ಆಟದ ಲೆಕ್ಕವನ್ನೆಲ್ಲ ಬದಲಿಸುತ್ತದೆ. ಹೇಗೆ ಅನ್ನುವುದನ್ನು ಮೊದಲ ಸೀಮೆಯಾದ ನದಿ ಕಣಿವೆಯನ್ನೇ ಇಟ್ಟುಕೊಂಡು ನೋಡೋಣ.

ನಕ್ಷೆಯನ್ನು ಸಣ್ಣ ಸಣ್ಣ ಚೌಕಗಳ ಹಾಸು ಅಂದುಕೊಳ್ಳಿ. ಗಾಳಿಯಂತ್ರವನ್ನು ಬಂಡೆಯ ಮೇಲೆ ಮಾತ್ರ ನಿಲ್ಲಿಸಬಹುದು. ಅದು ತನ್ನ ಸುತ್ತ ಒಂದಿಷ್ಟು ಜಾಗಕ್ಕೆ ಕರೆಂಟು ಕೊಡುತ್ತದೆ. ಆ ಸುತ್ತಿನೊಳಗೆ ಮಾತ್ರ ಮಣ್ಣಿನ ವಿಷ ತೆಗೆಯುವ ಯಂತ್ರ ನಡೆಯುತ್ತದೆ. ವಿಷ ಹೋದ ಮಣ್ಣಿನ ಮೇಲೆ ಸ್ಪ್ರಿಂಕ್ಲರ್ ನೀರು ಚಿಮುಕಿಸಿದರೆ ಹುಲ್ಲು ಬರುತ್ತದೆ. ಒಣ ಹಳ್ಳಕ್ಕೆ ಪಂಪು ಕೂರಿಸಿದರೆ ನದಿ ತುಂಬುತ್ತದೆ. ಬಂಡೆ, ಕರೆಂಟು, ಮಣ್ಣು, ನೀರು, ಹುಲ್ಲು: ಸರಪಳಿ ಹೀಗೆ ಸಾಗುತ್ತದೆ. ಕೊಂಡಿ ತಪ್ಪಿಸಿ ಮುಂದೆ ಹಾರುವಂತಿಲ್ಲ. ವಿಷದ ಮಣ್ಣಿಗೆ ಎಷ್ಟು ನೀರು ಸುರಿದರೂ ಹುಲ್ಲು ಹುಟ್ಟುವುದಿಲ್ಲ.

ಈಗ ಎಲೆಯ ಲೆಕ್ಕ. ಪ್ರತಿ ಯಂತ್ರಕ್ಕೂ ಇಷ್ಟು ಎಲೆ ಅಂತ ಖರ್ಚು. ಹೊಸದಾಗಿ ಹಸಿರಾದ ಚೌಕಗಳಿಂದ ಎಲೆ ವಾಪಸ್ ಬರುತ್ತದೆ. ‘ಹೊಸದಾಗಿ’ ಅನ್ನುವ ಮಾತಿನಲ್ಲೇ ಇಡೀ ಆಟ ಇದೆ. ಸುಮ್ನೆ ಒಂದು ಉದಾಹರಣೆ ಹೇಳುತ್ತೇನೆ, ಆಟದೊಳಗಿನ ಅಂಕಿ ಬೇರೆ. ಒಂದು ಸ್ಪ್ರಿಂಕ್ಲರ್‌ಗೆ 20 ಎಲೆ ಖರ್ಚು, ಅದು 30 ಚೌಕ ಹಸಿರು ಮಾಡುತ್ತದೆ, ಚೌಕಕ್ಕೆ ಒಂದು ಎಲೆ ಸಿಗುತ್ತದೆ ಅಂದುಕೊಳ್ಳಿ. ಹತ್ತು ಎಲೆ ಲಾಭ. ಎರಡನೆಯದನ್ನು ಮೊದಲನೆಯದಕ್ಕೆ ತೀರಾ ಹತ್ತಿರ ಇಟ್ಟಿರಿ. 30ರಲ್ಲಿ 15 ಚೌಕ ಮೊದಲೇ ಹಸಿರಾಗಿವೆ. ಹೊಸದು ಹದಿನೈದೇ. ಈಗ ಐದು ಎಲೆ ನಷ್ಟ. ಹೀಗೆ ನಾಲ್ಕು ಸಲ ಮಾಡಿದರೆ ನನ್ನ ಹಾಗೆ ದಿವಾಳಿ. ಅಮ್ಮ ಹೇಳಿದ್ದು ಇದನ್ನೇ. ನೀರುಂಡ ಪಾತಿಗೆ ಮತ್ತೆ ನೀರು ಹಾಕಿದರೆ ನೀರು ದಂಡ.

ಹಾಗಂತ ದೂರ ದೂರ ಇಟ್ಟರೆ? ನಡುವೆ ಬೋಳು ಪಟ್ಟೆಗಳು ಉಳಿಯುತ್ತವೆ. ಆಮೇಲೆ ಆ ಸಣ್ಣ ಸಂದಿ ತುಂಬಲು ಒಂದು ಪೂರ್ತಿ ಯಂತ್ರದ ಖರ್ಚು. ಎರಡರ ನಡುವೆ ಹದ ಹಿಡಿಯಬೇಕು. ಹಾಸುಗಲ್ಲು ಹಾಕುವ ಮೇಸ್ತ್ರಿ ಮೊದಲ ಕಲ್ಲು ಇಡುವ ಮುಂಚೆ ಕೊನೆಯ ಕಲ್ಲು ಎಲ್ಲಿ ಬೀಳುತ್ತದೆ ಅಂತ ನೋಡುತ್ತಾನಲ್ಲ, ಆ ತರದ ಯೋಚನೆ ಬೇಕು. ನಕ್ಷೆ ಪ್ರತಿ ಸಲವೂ ಬೇರೆ ಬೇರೆ ರೀತಿ ಹುಟ್ಟುವುದರಿಂದ ಉತ್ತರ ಬಾಯಿಪಾಠ ಮಾಡಿಕೊಂಡು ಬರುವಂತಿಲ್ಲ. ಶತ್ರು ಇಲ್ಲ, ಗಡಿಯಾರದ ಅವಸರವೂ ಇಲ್ಲ. ಎದುರಾಳಿ ಅಂತ ಇದ್ದರೆ ಅದು ನಿಮ್ಮದೇ ಆತುರ.

ಹಸಿರಾದ ಮಾತ್ರಕ್ಕೆ ಕಾಡಾಯಿತೇ?

ಮೊದಲ ಹಂತ ಮುಗಿಯುವ ಹೊತ್ತಿಗೆ ಕಣಿವೆ ಹಸಿರು ಹಸಿರು. ಗೆದ್ದೆ ಅಂತ ಅನ್ನಿಸುತ್ತದೆ. ಆಗ ಆಟ ಎರಡನೇ ಹಂತ ತೆರೆಯುತ್ತದೆ. ನಿಮ್ಮ ಹಸಿರೆಲ್ಲ ಒಂದೇ ತರದ ಹುಲ್ಲು, ಇದರಲ್ಲಿ ಇಷ್ಟು ಭಾಗ ಜೌಗು ಆಗಬೇಕು, ಇಷ್ಟು ಭಾಗ ಹೂಪೊದೆ, ಇಷ್ಟು ಭಾಗ ಕಾಡು.

ಈ ತಿರುವು ನನಗೆ ತುಂಬಾ ಹಿಡಿಸಿತು. ಹಸಿರು ಅಂದರೆ ಪ್ರಕೃತಿ ಅಂತ ನಾವು ಸುಲಭವಾಗಿ ಅಂದುಕೊಂಡುಬಿಡುತ್ತೇವೆ. ಮಲೆನಾಡಿನ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ ಅಕೇಶಿಯಾ ನೆಡುತೋಪೂ ಹಸಿರಾಗಿಯೇ ಕಾಣುತ್ತದೆ. ಒಳಗೆ ಕಾಲಿಟ್ಟರೆ ಅಡಿಗಾಡಿಲ್ಲ, ಹಕ್ಕಿ ಸದ್ದು ಕಡಿಮೆ, ನೆಲದ ತುಂಬ ಕೊಳೆಯದ ಒಣ ಎಲೆ. ಒಂದು ಪಕ್ವ ಕಾಡಿಗೆ ಒಂದು ಕ್ರಮ ಇರುತ್ತದೆ. ಬರೀ ಬಂಡೆಯ ಮೇಲೆ ಮೊದಲು ಬರುವುದು ಕಲ್ಲುಹೂವು, ಪಾಚಿ. ಅವು ಕಲ್ಲನ್ನು ಸವೆಸಿ, ತಾವೂ ಸತ್ತು ಒಂದು ಬೆರಳು ಮಣ್ಣು ಮಾಡುತ್ತವೆ. ಆ ಮಣ್ಣಿಗೆ ಹುಲ್ಲು, ಹುಲ್ಲಿನ ನಡುವೆ ಪೊದೆ, ಪೊದೆಯ ನೆರಳಲ್ಲಿ ಮರದ ಸಸಿ. ಪರಿಸರ ವಿಜ್ಞಾನಿಗಳು ಇದನ್ನು ಅನುಕ್ರಮ ಅನ್ನುತ್ತಾರೆ. ಪ್ರತಿ ಪೀಳಿಗೆ ಮುಂದಿನ ಪೀಳಿಗೆಗೆ ನೆಲ ಹದ ಮಾಡುತ್ತದೆ. ನೂರಾರು ವರ್ಷ ಹಿಡಿಯುವ ಈ ಕೆಲಸವನ್ನು ಆಟ ಒಂದು ಗಂಟೆಗೆ ಇಳಿಸಿದೆ. ಕ್ರಮವನ್ನು ಮಾತ್ರ ಕೈಬಿಟ್ಟಿಲ್ಲ.

ಹೂಪೊದೆ ಅಂದೆನಲ್ಲ, ಆಟದಲ್ಲಿ ಅದರ ಹೆಸರು ಫಿನ್‌ಬೋಸ್. ಜೇನುಗೂಡು ಇಟ್ಟರೆ ಸುತ್ತಲಿನ ಹುಲ್ಲು ಫಿನ್‌ಬೋಸ್ ಆಗುತ್ತದೆ. ಬೇರೆ ಯಾವ ದೇಶದವರು ಈ ಆಟ ಮಾಡಿದ್ದರೂ ಅಲ್ಲಿ ಸುಮ್ನೆ ‘ಹೂವಿನ ಹೊಲ’ ಅಂತ ಬರೆಯುತ್ತಿದ್ದರು. ಫಿನ್‌ಬೋಸ್ ಕೇಪ್ ಟೌನ್‌ನವರ ಮನೆಯಂಗಳದ ಮಾತು. ಆಫ್ರಿಕಾನ್ಸ್ ಭಾಷೆಯಲ್ಲಿ ಸಣ್ಣೆಲೆಯ ಪೊದೆಗಾಡು ಅಂತ ಅರ್ಥ. ದಕ್ಷಿಣ ಆಫ್ರಿಕಾದ ತುದಿಯ ಆ ಕೇಪ್ ಪ್ರದೇಶದಲ್ಲಿ ಸುಮಾರು 9,000 ಜಾತಿಯ ಸಸ್ಯಗಳಿವೆ. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಹೂವಾದ ಕಿಂಗ್ ಪ್ರೋಟಿಯಾ ಕೂಡ ಫಿನ್‌ಬೋಸ್‌ನದೇ.

ಅಲ್ಲಿಯೂ ಹಸಿರೇ ಹಸಿರಿಗೆ ಶತ್ರು. ಹೊರಗಿನಿಂದ ತಂದು ನೆಟ್ಟ ಪೈನ್, ಆಸ್ಟ್ರೇಲಿಯಾದ ಅಕೇಶಿಯಾ, ನೀಲಗಿರಿ ಮರಗಳು ಬೆಟ್ಟಗಳಲ್ಲಿ ಹಬ್ಬಿ ಫಿನ್‌ಬೋಸ್ ಅನ್ನು ನುಂಗುತ್ತವೆ, ಹೊಳೆಗೆ ಇಳಿಯಬೇಕಾದ ನೀರನ್ನೂ ಹೀರುತ್ತವೆ. ನಮ್ಮ ಅಕೇಶಿಯಾದ ಜಾತಿ ಬೇರೆ, ಕುಲ ಅದೇ. ಹೀಗೆ ಹಬ್ಬಿದ ಮರಗಳನ್ನು ಕಡಿಯಲೆಂದೇ ದಕ್ಷಿಣ ಆಫ್ರಿಕಾ ಸರ್ಕಾರ 1995ರಲ್ಲಿ ‘ವರ್ಕಿಂಗ್ ಫಾರ್ ವಾಟರ್’ ಎಂಬ ಕಾರ್ಯಕ್ರಮ ಶುರು ಮಾಡಿತು. ನೀರು ಉಳಿಸಲು ಮರ ಕಡಿಯುವುದು! 2018ರಲ್ಲಿ ಕೇಪ್ ಟೌನ್‌ಗೆ ನಲ್ಲಿ ಪೂರ್ತಿ ನಿಂತುಹೋಗುವ ದಿನ ಹತ್ತಿರ ಬಂದಿತ್ತು. ಆ ದಿನಕ್ಕೆ ‘ಡೇ ಜೀರೋ’ ಅಂತ ಹೆಸರಿಟ್ಟು ಜನ ಎಣಿಸುತ್ತಿದ್ದರು. ತಲೆಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದ್ದರು. ಆ ಬರದ ಮರುವರ್ಷ ಅದೇ ಊರಿನಲ್ಲಿ ಹುಟ್ಟಿದ ಆಟ ಇದು. ಒಂದು ಇನ್ನೊಂದಕ್ಕೆ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಒಣ ಹಳ್ಳಕ್ಕೆ ನೀರು ಬಂದು ತುಂಬುವ ಆ ಗಳಿಗೆಯನ್ನು ಅವರು ಎಷ್ಟು ಪ್ರೀತಿಯಿಂದ ಮಾಡಿದ್ದಾರೆ ಅಂತ ನೀವೇ ನೋಡಬೇಕು.

ಬೆಂಕಿಯ ಪಾಠ

ಕಾಡು ಬೆಳೆಸುವ ಕ್ರಮ ಇನ್ನೂ ವಿಚಿತ್ರ. ಕಷ್ಟಪಟ್ಟು ಬೆಳೆಸಿದ ಹುಲ್ಲಿಗೆ ನೀವೇ ಬೆಂಕಿ ಇಡಬೇಕು. ಬಿಸಿಲನ್ನು ಒಂದೆಡೆ ಸೇರಿಸುವ ಯಂತ್ರ ಇಟ್ಟರೆ ಹುಲ್ಲು ಹೊತ್ತಿಕೊಳ್ಳುತ್ತದೆ, ಉರಿ ಹರಡುತ್ತದೆ, ಕೊನೆಗೆ ಬೂದಿ ಉಳಿಯುತ್ತದೆ. ಆ ಬೂದಿ ಮಣ್ಣಿನಲ್ಲೇ ಮರ ಏಳುವುದು. ಮೊದಲ ಸಲ ಹಚ್ಚುವಾಗ ಕೈ ನಡುಗಿತು. ನಿಜ ಹೇಳುತ್ತೇನೆ, ಬೆರಳು ಮೌಸ್ ಮೇಲೆ ಹಾಗೇ ನಿಂತುಬಿಟ್ಟಿತ್ತು.

ಬೆಂಕಿ ಅಂದರೆ ಕಾಡಿನ ವೈರಿ ಅಂತ ಶಾಲೆಯ ಗೋಡೆಬರಹಗಳಿಂದ ಕಲಿತವರು ನಾವು. ಫಿನ್‌ಬೋಸ್ ಇದನ್ನು ಒಪ್ಪುವುದಿಲ್ಲ. ಅದಕ್ಕೆ ಹತ್ತು ಹದಿನೈದು ವರ್ಷಕ್ಕೊಮ್ಮೆ ಬೆಂಕಿ ಬೇಕೇ ಬೇಕು. ಹಲವು ಪ್ರೋಟಿಯಾಗಳು ಬೀಜವನ್ನು ಗಟ್ಟಿ ತೆನೆಯೊಳಗೆ ಬಿಗಿಹಿಡಿದು ವರ್ಷಗಟ್ಟಲೆ ಕಾಯುತ್ತವೆ. ಬೆಂಕಿ ಹಾದುಹೋದ ಮೇಲೆ ತೆನೆ ಬಿರಿದು ಬೀಜ ಉದುರುತ್ತದೆ. ಕೆಲವು ಬೀಜಗಳಿಗೆ ಉರಿಯೂ ಬೇಡ, ಹೊಗೆ ಸೋಕಿದರೆ ಸಾಕು. ಹೊಗೆ ಕೊಟ್ಟರೆ ಫಿನ್‌ಬೋಸ್ ಬೀಜ ಮೊಳೆಯುತ್ತದೆ ಅನ್ನುವುದು 1990ರಲ್ಲಿ ದಕ್ಷಿಣ ಆಫ್ರಿಕಾದ ಸಂಶೋಧಕರು ತೋರಿಸಿದ ಸಂಗತಿ. ಈಗ ಅಲ್ಲಿನ ತೋಟಗಾರರು ಹೊಗೆ ಹಿಡಿಸಿದ ನೀರಿನಲ್ಲಿ ಬೀಜ ನೆನೆಸುತ್ತಾರೆ.

ಇಲ್ಲಿ ಒಂದು ತಕರಾರು ಇದೆ. ಆಟದಲ್ಲಿ ಬೆಂಕಿಯಿಂದ ಏಳುವುದು ಕಾಡು, ಫಿನ್‌ಬೋಸ್ ಬರುವುದು ಜೇನಿನಿಂದ. ಕೇಪ್ ಬೆಟ್ಟಗಳಲ್ಲಿ ನಿಜವಾಗಿ ನಡೆಯುವುದು ಹೆಚ್ಚುಕಡಿಮೆ ತದ್ವಿರುದ್ಧ. ಬೆಂಕಿ ಬೇಕಾದದ್ದು ಫಿನ್‌ಬೋಸ್‌ಗೆ. ಅಲ್ಲಿನ ಮೂಲ ಕಾಡು ಬೆಂಕಿ ತಲುಪದ ಕೊರಕಲುಗಳಲ್ಲಿ ಅಡಗಿ ಉಳಿದಿದೆ. ಆಟ ಮಾಡಿದವರಿಗೆ ಇದು ಗೊತ್ತಿಲ್ಲದೆ ಇರಲಿಕ್ಕಿಲ್ಲ. ಪ್ರತಿ ಹೆಜ್ಜೆಗೂ ಒಂದೊಂದು ಬೇರೆ ಉಪಕರಣ ಇರಲಿ ಅಂತ ಹೀಗೆ ಹಂಚಿರಬೇಕು ಅಂತ ನನ್ನ ಊಹೆ. ಆಟ ಚೆನ್ನಾಗಿದೆ, ಸಸ್ಯಶಾಸ್ತ್ರ ಸ್ವಲ್ಪ ಬಾಗಿದೆ.

ಬೆಂಕಿಯ ಮಾತು ಬಂದಾಗ ನಮ್ಮ ಬಿಳಿಗಿರಿರಂಗನ ಬೆಟ್ಟ ನೆನಪಾಗದೆ ಇರುವುದಿಲ್ಲ. ಅಲ್ಲಿನ ಸೋಲಿಗರಲ್ಲಿ ‘ತರಗು ಬೆಂಕಿ’ ಅನ್ನುವ ಪದ್ಧತಿ ಇತ್ತು. ಬೇಸಿಗೆ ಬಲಿಯುವ ಮುಂಚೆ, ನೆಲದಲ್ಲಿ ಇನ್ನೂ ತೇವ ಇರುವಾಗಲೇ ತರಗೆಲೆಗೆ ಸಣ್ಣ ಬೆಂಕಿ ಹಚ್ಚುತ್ತಿದ್ದರು. ಅದು ನೆಲದ ಮಟ್ಟದಲ್ಲಿ ಸರಿದು ಆರಿಹೋಗುತ್ತಿತ್ತು, ಮರಕ್ಕೆ ಏರುತ್ತಿರಲಿಲ್ಲ. 1974ರಲ್ಲಿ ಆ ಬೆಟ್ಟದ ಕಾಡು ವನ್ಯಜೀವಿ ಧಾಮವಾಯಿತು, ಮುಂದೆ ತರಗು ಬೆಂಕಿ ನಿಂತಿತು. ಆಮೇಲೆ ಲಂಟಾನ ಎದ್ದುಬಂತು, ನೆಲ್ಲಿ ಮರಗಳಿಗೆ ಬಂದಳಿಕೆ ಹತ್ತಿತು ಅನ್ನುತ್ತಾರೆ ಸೋಲಿಗರು. ಅವರ ಈ ಮಾತನ್ನು ಸಂಶೋಧಕರೂ ಕಾಡಿನಲ್ಲಿ ಅಳತೆ ಮಾಡಿ ದಾಖಲಿಸಿದ್ದಾರೆ. ಲಂಟಾನ ದಟ್ಟವಾದ ಕಡೆ ಈಗ ಬೆಂಕಿ ಬಿದ್ದರೆ ಅದು ಮೇಲಕ್ಕೇರುತ್ತದೆ. ಸಣ್ಣ ಬೆಂಕಿ ತಪ್ಪಿಸಲು ಹೋಗಿ ದೊಡ್ಡ ಬೆಂಕಿಗೆ ಸೌದೆ ಕೂಡಿಟ್ಟಂತಾಯಿತು. ಟೆರ್ರಾ ನಿಲ್‌ನ ಆ ಬೆಂಕಿ ಯಂತ್ರ ಒತ್ತುವಾಗ ಇಷ್ಟೆಲ್ಲ ಯೋಚನೆ ಬರಬೇಕಿಲ್ಲ. ನನಗೆ ಬಂತು.

ನೀರು ಹಾಕುವವರು ಯಾರು?

ಮೂರನೇ ಹಂತದಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಪ್ರಾಣಿಗಳಿಗೆ ನೆಲೆ ಹುಡುಕುವುದು ಮತ್ತು ಹೊರಡುವ ತಯಾರಿ.

ಪ್ರಾಣಿಗಳದ್ದು ಚಂದ, ಆದರೆ ಅಷ್ಟೇನೂ ಆಳವಿಲ್ಲ. ಒಂದಕ್ಕೆ ದಟ್ಟ ಕಾಡು ಬೇಕು, ಇನ್ನೊಂದಕ್ಕೆ ನೀರಿನ ಬಳಿಯ ಜಾಗ, ಮತ್ತೊಂದಕ್ಕೆ ಬಯಲು. ಸರಿಯಾದ ಬೆರಕೆ ಇರುವ ಕಡೆ ಅವು ನೆಲೆಗೊಳ್ಳುತ್ತವೆ. ಮೊದಲು ಬಂದ ಆವೃತ್ತಿಯಲ್ಲಿ ಇದು ತೀರಾ ಪಟ್ಟಿಗೆ ಟಿಕ್ ಹಾಕಿದ ಹಾಗಿತ್ತು. 2024ರಲ್ಲಿ ವೀಟಾ ನೋವಾ ಅಂತ ಒಂದು ಉಚಿತ ಅಪ್‌ಡೇಟ್ ಬಂತು. ಹೊಸ ಹಂತಗಳ ಜೊತೆ ಪ್ರಾಣಿಗಳ ಭಾಗವನ್ನೂ ಅದರಲ್ಲಿ ತಿದ್ದಿದರು.

ಹೊರಡುವ ತಯಾರಿಯದ್ದೇ ಅಸಲಿ ಮಜಾ. ಇದನ್ನು ಅಮ್ಮನಿಗೆ ವಿವರಿಸಿದೆ. ಈ ಸ್ಪ್ರಿಂಕ್ಲರ್, ಪಂಪು, ಗಾಳಿಯಂತ್ರ ಎಲ್ಲ ಬಿಚ್ಚಿಕೊಂಡು ಹೋಗಬೇಕು ಅಂದೆ.

“ಹಾಗಾದ್ರೆ ಆಮೇಲೆ ನೀರು ಹಾಕೋರು ಯಾರು?”

ಇದಕ್ಕಿಂತ ಸರಿಯಾದ ಪ್ರಶ್ನೆ ಇಲ್ಲ. ಆಟದ ಹವಾಮಾನದ ಭಾಗ ಇದಕ್ಕೇ ಉತ್ತರ. ಎರಡನೇ ಹಂತದಲ್ಲಿ ಜೌಗು, ಕಾಡು, ನದಿ ಬೆಳೆಸುತ್ತಾ ಹೋದಂತೆ ಗಾಳಿಯ ತೇವ ಏರುತ್ತದೆ. ಮೋಡ ಬಿತ್ತುವ ಯಂತ್ರಗಳೂ ಇವೆ. ತೇವ ಒಂದು ಮಟ್ಟ ದಾಟಿದಾಗ ಮಳೆ ಸುರಿಯುತ್ತದೆ. ಅಲ್ಲಿಂದ ಮುಂದೆ ನಿಮ್ಮ ಯಂತ್ರದ ಅಗತ್ಯ ಇಲ್ಲ. ನಿಜವಾದ ಕಾಡಿನಲ್ಲೂ ಇಂಥದ್ದು ನಡೆಯುತ್ತದೆ. ಮರ ಬೇರಿನಿಂದ ಎಳೆದ ನೀರನ್ನು ಎಲೆಯಿಂದ ಆವಿಯಾಗಿ ಬಿಡುತ್ತದೆ, ಅದರ ಒಂದು ಪಾಲು ಮತ್ತೆ ಮಳೆಯಾಗುತ್ತದೆ. ಅಮೆಜಾನ್ ಕಾಡು ತನ್ನ ಮಳೆಯ ಒಂದು ದೊಡ್ಡ ಪಾಲನ್ನು ಹೀಗೆ ತಾನೇ ಮತ್ತೆ ಮತ್ತೆ ತಿರುಗಿಸಿಕೊಳ್ಳುತ್ತದೆ.

ತನ್ನನ್ನು ತಾನೇ ನೋಡಿಕೊಳ್ಳುವ ಗ್ರಹ ಅನ್ನುವ ಕಲ್ಪನೆ ಆಟಗಳಿಗೆ ಹೊಸದೇನಲ್ಲ. ಸಿಮ್‌ಸಿಟಿ ಮಾಡಿದವರೇ 1990ರಲ್ಲಿ ಸಿಮ್‌ಅರ್ಥ್ ಅಂತ ತಂದಿದ್ದರು. ಭೂಮಿಯ ಜೀವ, ಗಾಳಿ, ನೀರು ಸೇರಿ ಒಂದನ್ನೊಂದು ಹದದಲ್ಲಿ ಇಡುತ್ತವೆ ಎಂಬ ಜೇಮ್ಸ್ ಲವ್‌ಲಾಕ್ ಅವರ ಗಾಯಾ ವಾದದ ಮೇಲೆ ನಿಂತ ಆಟ ಅದು. ಪಾಠದಂತೆ ಚೆನ್ನಾಗಿತ್ತು, ಆಟವಾಗಿ ಕಠಿಣ. ಇಡೀ ಗ್ರಹದ ಗುಂಡಿಗಳೆಲ್ಲ ಒಮ್ಮೆಗೇ ಕೈಗೆ ಬಂದರೆ ಏನು ತಿರುಗಿಸಬೇಕು ಅಂತಲೇ ತಿಳಿಯದು. ಟೆರ್ರಾ ನಿಲ್ ಒಂದು ಸಲಕ್ಕೆ ಒಂದು ಕಣಿವೆ ಕೊಡುತ್ತದೆ. ಜಾಣತನ.

ಇನ್ನು ಬಿಚ್ಚುವ ಕೆಲಸ. ನದಿ ಕಣಿವೆಯಲ್ಲಿ ಇದು ನದಿಯ ಮೂಲಕ ಆಗಬೇಕು. ಯಂತ್ರಗಳನ್ನು ಒಡೆದು ಸಾಮಾನು ಮಾಡುವ ಕೇಂದ್ರಗಳನ್ನು ಕೂರಿಸುತ್ತೀರಿ, ದೋಣಿಯಂಥ ಡ್ರೋನ್‌ಗಳು ಆ ಸಾಮಾನನ್ನು ಹೊತ್ತೊಯ್ಯುತ್ತವೆ. ನದಿಯಿಂದ ದೂರ ಇರುವ ಗಾಳಿಯಂತ್ರ ಈಗ ತಲೆನೋವು. ಒಂದು ಗಂಟೆಯ ಹಿಂದೆ ನಾಲ್ಕು ಎಲೆ ಉಳಿಯಿತು ಅಂತ ಆ ಮೂಲೆಯಲ್ಲಿ ನಿಲ್ಲಿಸಿದ್ದಿರಿ. ಆಗ ಅದು ಜಾಣತನ, ಈಗ ಸಾಲ. ಅದನ್ನು ತಲುಪಲು ಮತ್ತೆ ಖರ್ಚು, ಕಾಡಿನ ಒಂದು ತುಂಡು ಬಲಿ. ಎರಡನೇ ಸಲ ಆಡುವಾಗ ಮೊದಲ ಯಂತ್ರ ಇಡುವಾಗಲೇ ‘ಇದನ್ನು ವಾಪಸ್ ತರುವುದು ಹೇಗೆ’ ಅನ್ನುವ ಪ್ರಶ್ನೆ ತಾನಾಗಿ ಬರುತ್ತದೆ. ನಾನು ಆಡಿದ ಕಟ್ಟುವ ಆಟಗಳಲ್ಲಿ ಇನ್ನಾವುದೂ ಈ ಪ್ರಶ್ನೆ ಕೇಳಿರಲಿಲ್ಲ.

ನಿಜ ಜೀವನದಲ್ಲೂ ಇದನ್ನು ಕೇಳುವವರು ಕಡಿಮೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ನಿಂತಿತು. ಕಟ್ಟಿದ್ದು ಮಾತ್ರ ಅಲ್ಲೇ ಇದೆ. ಖಾಲಿ ಹೊಡೆಯುವ ಟೌನ್‌ಶಿಪ್, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬೆಟ್ಟ, ಅದಿರು ತೊಳೆದ ಹೂಳು ತುಂಬಿಕೊಂಡ ಲಕ್ಯಾ ಅಣೆಕಟ್ಟು. ಸುತ್ತ ಶೋಲಾ ಕಾಡು, ಹುಲ್ಲುಬೆಟ್ಟ. ಆ ಹೂಳನ್ನು ಹೊತ್ತೊಯ್ಯುವ ವಿಮಾನನೌಕೆ ಇಲ್ಲ.

ನದಿ ಕಣಿವೆಯ ನಂತರ ಬರುವ ಮೂರು ಸೀಮೆಗಳಲ್ಲಿ ನಿಯಮಗಳು ಬೇರೆ. ಒಂದು ಬರಡು ದ್ವೀಪ, ಅಲ್ಲಿ ಸಾಗಾಟಕ್ಕೆ ಮಾನೋರೈಲ್, ಸಮುದ್ರದಲ್ಲಿ ಹವಳ ಬೆಳೆಸುವ ಕೆಲಸ. ಒಂದು ಹಿಮ ಮತ್ತು ಜ್ವಾಲಾಮುಖಿಯ ನಾಡು, ಅಲ್ಲಿ ನೆಲದ ಕಾವಿನಿಂದ ಕರೆಂಟು. ಕೊನೆಯದು ನೀರಲ್ಲಿ ಮುಳುಗಿದ ನಗರ. ಕುಸಿದ ಗಗನಚುಂಬಿಗಳ ನಡುವೆ ಕೆಲಸ ಮಾಡಬೇಕು. ಇಡೀ ಆಟದಲ್ಲಿ ಮನುಷ್ಯರ ಗುರುತು ಎದ್ದು ಕಾಣುವುದು ಅಲ್ಲಿ ಮಾತ್ರ.

ಅದೇ ನನ್ನ ದೊಡ್ಡ ಅಸಮಾಧಾನ ಕೂಡ. ಈ ಗ್ರಹ ಯಾರಿಂದ ಹಾಳಾಯಿತು? ಅವರೆಲ್ಲ ಎಲ್ಲಿ ಹೋದರು? ಆಟ ಏನೂ ಹೇಳುವುದಿಲ್ಲ. ಮನುಷ್ಯ ಬಂದು, ಸರಿಪಡಿಸಿ, ಜಾಗ ಖಾಲಿ ಮಾಡಿದರೆ ಪ್ರಕೃತಿ ಸುಖವಾಗಿರುತ್ತದೆ ಅನ್ನುವ ಚಿತ್ರ ಉಳಿಯುತ್ತದೆ. ಕೇಪ್‌ನಲ್ಲಿ ಡಚ್ಚರು ಕಾಲಿಡುವ ಎಷ್ಟೋ ಮುಂಚೆ ಖೋಯ್ ಜನ ಹುಲ್ಲಿಗಾಗಿ, ಗೆಡ್ಡೆಗಾಗಿ ಆ ಬಯಲಿಗೆ ಬೆಂಕಿ ಇಡುತ್ತಿದ್ದರು. ಸೋಲಿಗರ ಮಾತು ಆಗಲೇ ಬಂತು. ಬಿಳಿಗಿರಿ ಕಾಡಿನಲ್ಲಿ ತಮಗಿರುವ ಹಕ್ಕಿಗಾಗಿ ಅವರು ವರ್ಷಗಟ್ಟಲೆ ಹೋರಾಡಬೇಕಾಯಿತು. ಅರಣ್ಯ ಹಕ್ಕು ಕಾಯ್ದೆಯಡಿ ಅದು ಸಿಕ್ಕಿದ್ದು 2011ರಲ್ಲಿ. ಅಲ್ಲೇ ಬದುಕುತ್ತ ಕಾಡು ಕಾದವರಿಗೆ ಟೆರ್ರಾ ನಿಲ್‌ನಲ್ಲಿ ಒಂದು ಚೌಕವೂ ಇಲ್ಲ.

ಯಂತ್ರದಿಂದ ಕೆಟ್ಟದ್ದು ಯಂತ್ರದಿಂದಲೇ ಸರಿಹೋಗುತ್ತದೆ ಎಂಬ ನಂಬಿಕೆಯೂ ಸ್ವಲ್ಪ ಸಲೀಸಾಯಿತು. ಸೀಸ, ಪಾದರಸ ಕೂತ ಮಣ್ಣನ್ನು ತೊಳೆಯುವುದು ಒಂದು ಗುಂಡಿ ಒತ್ತಿದಷ್ಟು ಸುಲಭ ಅಲ್ಲ ಅಲ್ವಾ? ಆದರೆ ಈ ದೂರನ್ನು ನಾನು ಜಾಸ್ತಿ ಎಳೆಯುವುದಿಲ್ಲ. ನಾಲ್ಕೈದು ಗಂಟೆಯ ಆಟಕ್ಕೆ ರಸಾಯನಶಾಸ್ತ್ರದ ಭಾರ ಹೊರಿಸುವುದು ಅನ್ಯಾಯ. ಮಾಡಿದವರು ಬರೀ ಮಾತಿಗೆ ನಿಂತಿಲ್ಲ ಅನ್ನುವುದನ್ನೂ ಹೇಳಬೇಕು. ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಬರುವ ಲಾಭದ ಒಂದು ಪಾಲನ್ನು ಎಂಡೇಂಜರ್ಡ್ ವೈಲ್ಡ್‌ಲೈಫ್ ಟ್ರಸ್ಟ್ ಎಂಬ ದಕ್ಷಿಣ ಆಫ್ರಿಕಾದ ಸಂಸ್ಥೆಗೆ ಕೊಡುವುದಾಗಿ ಘೋಷಿಸಿದ್ದರು.

ಆಡಲು ಮನಸ್ಸಾದವರಿಗೆ ಕೊನೆಗೆ ಒಂದೆರಡು ಮಾತು. ಶುರುವಿನಲ್ಲಿ ಎಷ್ಟು ಕಷ್ಟದ ಆಟ ಬೇಕು ಅಂತ ಕೇಳುತ್ತದೆ. ಸುಲಭದ ಹೆಸರು ‘ತೋಟಗಾರ’, ಅದರ ಮೇಲಿನದು ‘ಪರಿಸರ ವಿಜ್ಞಾನಿ’. ಮರ್ಯಾದೆಗೆ ಅಂಜದೆ ತೋಟಗಾರನನ್ನೇ ಆರಿಸಿ. ಮೊದಲ ಗಾಳಿಯಂತ್ರವನ್ನು ಒಣ ಹಳ್ಳದ ಪಕ್ಕದ ಬಂಡೆಯ ಮೇಲೆ ಇಡಿ. ಪಂಪಿಗೂ ಕರೆಂಟು ಸಿಗುತ್ತದೆ, ಕೊನೆಯಲ್ಲಿ ದೋಣಿಗೂ ಹತ್ತಿರ. ವಿಮಾನನೌಕೆ ಹೊರಟ ಮೇಲೆ ಕಣಿವೆಯನ್ನು ಸುಮ್ನೆ ನೋಡುತ್ತಾ ಕೂರಲು ಒಂದು ಆಯ್ಕೆ ಬರುತ್ತದೆ. ಹೆಡ್‌ಫೋನ್ ಹಾಕಿಕೊಂಡು ಅದನ್ನು ಒತ್ತಿ. ಗುಂಡಿಗಳೆಲ್ಲ ಮಾಯವಾಗಿ ಮಳೆಯ ಸದ್ದು ಕೇಳುತ್ತದೆ. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಅಮ್ಮನ ಹುರುಳಿಕಾಯಿಯೂ ಮುಗಿದಿತ್ತು. ಅವರು ಎದ್ದು ಒಳಗೆ ಹೋಗಲಿಲ್ಲ. ಜಿಂಕೆ ಎಲ್ಲಿ ಅಂತ ಹುಡುಕುತ್ತಾ ಕೂತರು.